ಸುರಂಗದ ನೀರಿಗೆ ಶುದ್ಧಕಲಶ

ಕಾಸರಗೋಡಿನ ಗುಡ್ಡೆ ಬದಿಯ ಮನೆಗಳಲ್ಲಿ ಈಗ ನೀರು ಕುಡಿಯುವುದು ಸುಲಭದ ಕೆಲಸ ಅಲ್ಲ. ಮೊದಲು ನೀರಿಗೆ ಶುದ್ಧಕಲಶ ಆಗಬೇಕು. ಅದಕ್ಕೊಂದು ಪ್ಲಗ್ ಪಾಯಿಂಟ್ ಬೇಕು.

ಬಾಯಾರು, ಪೆರ್ಲ ಕಡೆಯ ಸುರಂಗ ನೋಡಿದವರಿಗೆ ಗೊತ್ತು. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ, ಆಳು ಹೋಗುವಷ್ಟು ಕೊರೆಯುತ್ತಾರೆ. ಒರತೆ ಸಿಕ್ಕಿತೋ, ಮುಗೀತು. ನೀರು ತನ್ನಷ್ಟಕ್ಕೆ ಇಳಿದು ಅಡುಗೆಮನೆಯ ನಳ್ಳಿಗೆ ಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ, ಬಿಲ್ಲಿಲ್ಲ. ಬಿಲ್ಲಿಲ್ಲದ್ದೇ ತೊಂದರೆ ಆಯ್ತು ನೋಡಿ. ಪುಕ್ಕಟೆ ಬರುವುದನ್ನು ಯಾರು ನಂಬುತ್ತಾರೆ? ಗಡಿಯಾಚೆ ಅಡ್ಯನಡ್ಕದಲ್ಲಿ ಸುರಂಗ ಕೊರೆದು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ನಾವು ಚಪ್ಪಾಳೆ ತಟ್ಟಿದೆವು. ತಟ್ಟಿದ ಕೈಯಲ್ಲೇ ನೀರು ಸೋಸುವ ಆರ್‌ಒ ಮೆಷಿನ್ನಿಗೆ ಅಡ್ವಾನ್ಸ್ ಕೊಟ್ಟೆವು.

ಮಾರಲು ಬರುವ ಹುಡುಗರ ವಿಧಿವಿಧಾನ ನೋಡುವಂಥದ್ದು. ಜಗಲಿಯಲ್ಲಿ ಎರಡು ಗ್ಲಾಸ್. ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಅವರದ್ದು. ಎರಡಕ್ಕೂ ಕಬ್ಬಿಣದ ಕಡ್ಡಿ ಇಳಿಸಿ ಸ್ವಿಚ್ ಹಾಕುತ್ತಾರೆ. ನಿಮ್ಮ ಗ್ಲಾಸ್ ಮೊದಲು ಹಳದಿ, ಮತ್ತೆ ಕಂದು, ಆಮೇಲೆ ಥೇಟ್ ಕಡಲೆ ಗಸಿ. "ಅಮ್ಮಾ, ಇಷ್ಟು ವರ್ಷ ಇದನ್ನೇ ಕುಡಿದದ್ದಾ ನೀವು?" ಮನೆಯವರ ಮುಖ ಸಣ್ಣದಾಗುತ್ತದೆ.

ಆ ಕೆಸರು ನೀರಿನದ್ದಲ್ಲ, ಕಡ್ಡಿಯದ್ದು. ನೀರಲ್ಲಿ ಲವಣ ಇದ್ದರೆ ಕರೆಂಟ್ ಹರಿದು ಕಬ್ಬಿಣ ತುಕ್ಕಾಗಿ ಬಿಡುತ್ತದೆ. ಆರ್‌ಒ ನೀರಲ್ಲಿ ಲವಣವೇ ಇಲ್ಲದಷ್ಟು ಕಮ್ಮಿ, ಹಾಗಾಗಿ ಅದು ತಣ್ಣಗೆ ಕೂತಿರುತ್ತದೆ. ನಮ್ಮ ಮುರಕಲ್ಲಿನ ನೀರಲ್ಲೂ ಲವಣ ಕಮ್ಮಿ. ಪಾಪ, ಹುಡುಗ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕಾಯಬೇಕಾಗುತ್ತದೆ. ಅಷ್ಟರಲ್ಲಿ ಒಂದು ಗ್ಲಾಸ್ ಮಜ್ಜಿಗೆಯೂ ಆಗುತ್ತದೆ.

ಜನರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ ಅನ್ನುವುದೂ ನಿಜ. 2000ದವರೆಗೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ನೆಲ ಇದು. ಆದರೆ ವಿಷ ಉಂಟಾ ಇಲ್ಲವಾ ಅಂತ ಹೇಳಬೇಕಾದ್ದು ಲ್ಯಾಬ್. ಆ ಎರಡು ಕಡ್ಡಿಗೆ ಗೊತ್ತಿರುವುದು ತುಕ್ಕು ಹಿಡಿಯಲು ಮಾತ್ರ.

ಆರ್‌ಒದ ಮುಖ್ಯ ಕೆಲಸ ಉಪ್ಪು ತೆಗೆಯುವುದು. ಪೇಟೆಯವರಿಗೆ ಒಂದು ಕಾಲದಲ್ಲಿ ಅದು ಬೇಕಿತ್ತು, ಒಪ್ಪೋಣ. ಕಾಸರಗೋಡು ಪೇಟೆಗೆ ನೀರು ಕೊಡುವ ಬಾವಿಕ್ಕರೆಯಲ್ಲಿ ಅಣೆಕಟ್ಟು ಆಗುವ ಮೊದಲು ಬೇಸಿಗೆಯಲ್ಲಿ ಸಮುದ್ರವೇ ಹೊಳೆ ಹತ್ತಿ ಬಂದು ನಳ್ಳಿಯಲ್ಲಿ ಇಳಿಯುತ್ತಿತ್ತು. ಗುಡ್ಡೆ ಮೇಲಿನವರಿಗೆ ಯಾವ ಸಮುದ್ರ? ಲೀಟರಿಗೆ 500 ಮಿಲಿಗ್ರಾಂಗಿಂತ ಕಮ್ಮಿ ಲವಣ ಇರುವಲ್ಲಿ ಆರ್‌ಒ ನಿಷೇಧಿಸಿ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ನಾವು ಮಾತ್ರ ಒಂದು ಲೀಟರ್ ಕುಡಿಯಲು ಎರಡು ಮೂರು ಲೀಟರನ್ನು ಬಚ್ಚಲಿಗೆ ಬಿಟ್ಟು, ಏಪ್ರಿಲ್ ಬಂದ ಕೂಡಲೇ "ಸುರಂಗ ಬತ್ತಿತು, ಕಾಲ ಕೆಟ್ಟಿತು" ಅನ್ನುತ್ತೇವೆ.

ಇನ್ನು ಪರಿಸರ ದಿನದ ಸಭೆಯ ಭಾಷಣ. ನಳ್ಳಿ ನೀರು ಕುಡಿದರೂ ಭೂಮಿಗೆ ಇಂಗಾಲದ ಭಾರ ಉಂಟಂತೆ! ಉಂಟು ಸ್ವಾಮಿ, ಯಾರು ಇಲ್ಲ ಅಂದರು? ಆದರೆ ನಳ್ಳಿಗೆ ನೀರು ಪಂಪ್ ಮಾಡುವ ಭಾರ ಸಣ್ಣದು: ಒಂದು ಲೀಟರ್ ನೀರು ಕುದಿಸುವ ಕರೆಂಟಿನಲ್ಲಿ ಸುಮಾರು 150 ಲೀಟರ್ ನೀರನ್ನು 100 ಮೀಟರ್ ಗುಡ್ಡೆ ಹತ್ತಿಸಬಹುದು. ಬಾಟಲಿ ನೀರಿನದ್ದು ಬೇರೆಯೇ ಕಥೆ. ಕೇರಳದಲ್ಲಿ 2020ರಿಂದ ಅರ್ಧ ಲೀಟರಿಗಿಂತ ಸಣ್ಣ ಬಾಟಲಿಗೆ ನಿಷೇಧ. ಕಾನೂನಿಗೆ ಗೌರವ ಕೊಟ್ಟು ವೇದಿಕೆಯಲ್ಲಿ ಎಲ್ಲರ ಮುಂದೆ ಒಂದೊಂದು ಲೀಟರಿನದ್ದು ಇಡುತ್ತಾರೆ.

ಹೊಸ ಮಾಡೆಲ್ ಮೆಷಿನ್ ಇನ್ನೂ ಜೋರಂತೆ. ಮೊದಲು ನೀರಿನ ಖನಿಜ ಹೆಚ್ಚುಕಮ್ಮಿ ಪೂರ್ತಿ ತೆಗೆಯುತ್ತದೆ. ಮತ್ತೆ ಇನ್ನೊಂದು ನಳಿಕೆಯಲ್ಲಿ ಅದೇ ಖನಿಜ ಹಾಕುತ್ತದೆ. ಕೊನೆಗೆ ತಾಮ್ರದ್ದೂ ಒಂದು ನಳಿಕೆ, ಆರೋಗ್ಯಕ್ಕೆ ಒಳ್ಳೆಯದಂತೆ. ಅಜ್ಜಿಯ ತಾಮ್ರದ ಕೊಡಪಾನ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹೋಗಿದೆ. ಈ ತಾಮ್ರವನ್ನು ವರ್ಷಕ್ಕೊಮ್ಮೆ ಬದಲಿಸಬೇಕು, ಅದರ ಖರ್ಚು ಬೇರೆ.