ಐನೂರು ರೂಪಾಯಿಗೆ ಇಷ್ಟು ಹಟವೇಕೆ ಎಂದವರಿಗೆ

ಶಿರಸಿಯ ನಮ್ಮ ಅಂಗಳದಲ್ಲಿ ನಿಂತಿರುವ ಬಿಳಿ ಸ್ಕೂಟರು, ಘಟ್ಟದ ಕೆಳಗಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಪ್ಪು ಬೈಕಿನ ರೂಪ ತಾಳಿ, ಹೆಲ್ಮೆಟ್ ಇಲ್ಲದ ಇಬ್ಬರು ತರುಣರನ್ನು ಹೊತ್ತು ಓಡಿತೆಂದು, ಹೆದ್ದಾರಿಯ ಕ್ಯಾಮೆರಾ ತೆಗೆದ ಚಿತ್ರದ ಜೊತೆ ನನಗೆ ಐನೂರು ರೂಪಾಯಿ ದಂಡದ ನೋಟಿಸು ಬಂದಿತ್ತು; ಆ ಆರೋಪದಿಂದ ನಾನು ಇಂದು ಮಧ್ಯಾಹ್ನ ಮುಕ್ತನಾದೆ. ನ್ಯಾಯಾಧೀಶರು ಆ ಚಿತ್ರವನ್ನೂ ನನ್ನ ಆರ್‌ಸಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು, ಪ್ರಕರಣ ಅಲ್ಲಿಗೆ ಮುಗಿಯಿತು. ಸಂತೋಷವಾಗಬೇಕಿತ್ತು, ಬಸ್ಸು ದೇವಿಮನೆ ಘಟ್ಟ ಹತ್ತಿ ಮುಗಿಸಿದರೂ ನನ್ನ ಸಿಟ್ಟು ಇಳಿಯಲಿಲ್ಲ.

ಗಾಡಿಗಳ ನಂಬರಿನಲ್ಲಿ ಕೆಎ 30 ಕಾರವಾರದ್ದು, ಕೆಎ 31 ಶಿರಸಿಯದ್ದು. ಮಳೆಗಾಲದ ಕೆಸರು ಆ ಬೈಕಿನ ನಂಬರ್ ಫಲಕದ ಮೇಲಿನ ಸೊನ್ನೆಯ ಅರ್ಧವನ್ನು ನುಂಗಿ ಒಂದನ್ನಷ್ಟೇ ಉಳಿಸಿತ್ತು. ಕ್ಯಾಮೆರಾ ತಪ್ಪು ಓದಿದ್ದಕ್ಕೆ ನನ್ನ ತಕರಾರಿಲ್ಲ, ಹೆದ್ದಾರಿಗೆ ಕ್ಯಾಮೆರಾ ಬೇಕೆನ್ನುವವನೇ ನಾನು. ಆದರೆ ಗಾಡಿಯ ಬಣ್ಣ, ಕಂಪನಿ, ಮಾದರಿಗಳೆಲ್ಲ ಸರಕಾರದ ವಾಹನ್ ದಾಖಲೆಯಲ್ಲಿರುವಾಗ, ನೋಟಿಸು ಕಳಿಸುವ ಮೊದಲು ಒಬ್ಬನೇ ಒಬ್ಬ ಮನುಷ್ಯ ಆ ಚಿತ್ರವನ್ನು ನೋಡಬಾರದಿತ್ತೇ? ಆನ್‌ಲೈನಿನಲ್ಲಿ ಕೊಟ್ಟ ದೂರನ್ನೂ ಯಾರೂ ಓದಿರಲಿಕ್ಕಿಲ್ಲ, ‘ವಿಲೇವಾರಿ ಮಾಡಲಾಗಿದೆ’ ಎಂಬ ಉತ್ತರ ಮಾತ್ರ ಬಂತು. ಬಳಿಕ, ಸಂಚಾರ ದಂಡದ ಪ್ರಕರಣಗಳನ್ನು ಆನ್‌ಲೈನಿನಲ್ಲೇ ನೋಡುವ ವರ್ಚುವಲ್ ಕೋರ್ಟಿನ ಪುಟದಲ್ಲಿ ದಂಡ ಕಟ್ಟುವೆ, ಪ್ರಕರಣ ಎದುರಿಸುವೆ ಎಂಬ ಎರಡು ಆಯ್ಕೆಗಳು. ಕಟ್ಟುವುದಕ್ಕೆ ಕುಳಿತಲ್ಲೇ ಫೋನು ಸಾಕು. ಎದುರಿಸುವುದಕ್ಕೆ ಆ ವ್ಯಾಪ್ತಿಯ ನ್ಯಾಯಾಲಯಕ್ಕೆ, ಅಂದರೆ ಜಡಿಮಳೆಯಲ್ಲಿ ಘಟ್ಟ ಇಳಿದು, ನಾನೇ ಹೋಗಬೇಕು.

‘ಐನೂರು ಬಿಸಾಕಿದ್ದರೆ ಮುಗಿಯುತ್ತಿತ್ತು, ಬಸ್ಸು ಊಟ ಝೆರಾಕ್ಸು ಸೇರಿ ಅದಕ್ಕಿಂತ ಹೆಚ್ಚಾಯಿತಲ್ಲ’ ಎಂದರು ನಮ್ಮ ಭಾವ. ಲೆಕ್ಕ ಸರಿಯಾಗಿದೆ, ಭಾವ ಬ್ಯಾಂಕಿನಲ್ಲಿದ್ದವರು. ನಿರಪರಾಧಿಗೆ ತಪ್ಪೊಪ್ಪಿಗೆಯೇ ಅಗ್ಗವಾಗುವ ಹಾಗೆ ವ್ಯವಸ್ಥೆಯನ್ನು ಕಟ್ಟಿದ್ದಾರೆ ಎಂಬುದೇ ನನ್ನ ದೂರು ಎಂದರೆ ಅವರಿಗೆ ಕೇಳಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ, ಹೆಲ್ಮೆಟ್ಟಿಗೆ ಸಂಬಂಧಿಸಿದ 194ಡಿ ಕಲಮಿನಲ್ಲಿ ಇರುವುದು ಬರಿಯ ದಂಡವೂ ಅಲ್ಲ. ಕೇಂದ್ರದ ಕಾಯ್ದೆ ಹೇಳಿದ 1,000 ರೂಪಾಯಿಯನ್ನು ಕರ್ನಾಟಕ 2019ರಲ್ಲಿ 500ಕ್ಕೆ ಇಳಿಸಿತು, ನಿಜ. ಆದರೆ ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ ಎಂಬ ಮಾತೂ ಅದೇ ಕಲಮಿನಲ್ಲಿದೆ. ಬ್ರಿಟನ್ನಿನಲ್ಲಿ ವೇಗಮಿತಿ ಮೀರುವಂಥ ತಪ್ಪುಗಳಿಗೆ ದಂಡದ ಜೊತೆ ಪರವಾನಗಿಯ ಮೇಲೆ ಅಂಕಗಳೂ ಬೀಳುತ್ತವೆ, ಮೂರು ವರ್ಷದೊಳಗೆ 12 ಆದರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಗಾಡಿ ಮುಟ್ಟುವಂತಿಲ್ಲ. ಹಾಗಾಗಿ ಅಲ್ಲಿ ಅಂಥ ಒಂದು ನೋಟಿಸಿಗಾಗಿ ಕೋರ್ಟು ಹತ್ತುವವನನ್ನು ಯಾರೂ ಹಟಮಾರಿ ಎನ್ನಲಾರರು.

ನಿಯಮಗಳು ನಮಗಷ್ಟೇ ಅಲ್ಲ, ಇಲಾಖೆಗೂ ಇವೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ ಕ್ಯಾಮೆರಾಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು, ಕ್ಯಾಮೆರಾ ಇದೆಯೆಂಬ ಫಲಕ ರಸ್ತೆಯಲ್ಲಿ ಎದ್ದು ಕಾಣಬೇಕು, ಅಪರಾಧ ನಡೆದ 15 ದಿನಗಳೊಳಗೆ ನೋಟಿಸು ಹೊರಡಬೇಕು. ಇವನ್ನು ಯಾರು ಯಾವಾಗ ಪರೀಕ್ಷಿಸಿದ್ದಾರೆ? ಎಲ್ಲರೂ ಕಟ್ಟಿಬಿಟ್ಟರೆ ಕೇಳುವವರಾದರೂ ಯಾರು?

ಹೇಳದೆ ಇರಲಾರೆ: ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನ್ನ ದನಿ, ಕೋರ್ಟಿನಲ್ಲಿ ಹೆಸರು ಕೂಗಿದಾಗ, ಏನೂ ಮಾಡಿರದಿದ್ದರೂ ನಡುಗಿತು. ನನಗೇ ಹೀಗಾದರೆ, ಅಡಕೆಯ ಕೊನೆಕೊಯ್ಲಿನ ಕೂಲಿ ಬಿಟ್ಟು ಬಂದವನು ‘ಹೌದು ಸ್ವಾಮಿ, ತಪ್ಪಾಯಿತು’ ಎಂದುಬಿಡುವುದರಲ್ಲಿ ಆಶ್ಚರ್ಯವೇನಿದೆ?

ಅಷ್ಟರ ಮೇಲೆ ಸರಕಾರದ ಔದಾರ್ಯ ಬೇರೆ. 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟಿನಲ್ಲಿ, ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ ಘೋಷಿಸಿದರು; ಏನೂ ತಪ್ಪು ಮಾಡದವನು ಅರ್ಧ ತಪ್ಪು ಮಾಡಿದೆನೆಂದು ಒಪ್ಪಿಕೊಂಡರೆ ಸಾಕಾಗುವ ಸುವರ್ಣಾವಕಾಶ! ಇನ್ನೊಮ್ಮೆ ಅಂಥ ಘೋಷಣೆ ಬಂದಾಗ ಸಾಲಿನಲ್ಲಿ ನಿಲ್ಲುವ ಮೊದಲು ನೋಟಿಸಿನ ಜೊತೆಗಿರುವ ಚಿತ್ರವನ್ನು ತೆರೆದು ನೋಡಿ. ಕೆಎ 31ರವರಂತೂ ದೊಡ್ಡದು ಮಾಡಿ ನೋಡಿ.