ಸ್ಪಷ್ಟನೆ: ಹದಿಹರೆಯದ ಬಸಿರಿಗೆ ವಲಸೆ, ಧರ್ಮವೇ ಕಾರಣವಲ್ಲ

'ಬೆಂಗಳೂರಲ್ಲಿ ಚಿಕ್ಕ ಹುಡುಗಿಯರು ಬಸುರಿಯಾಗಲು ವಲಸೆ ಬಂದವರು, ಅವರ ಧರ್ಮವೇ ಕಾರಣ' ಅನ್ನುವ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 15ರಿಂದ 19 ವಯಸ್ಸಿನವರಲ್ಲಿ ಶೇ 6.8ರಷ್ಟು ಹುಡುಗಿಯರು ತಾಯಿಯಾಗಿದ್ದರು ಅಥವಾ ಗರ್ಭಿಣಿಯಾಗಿದ್ದರು. ಹಿಂದೂ, ಮುಸ್ಲಿಮರ ನಡುವಿನ ಅಂತರ ನೂರಕ್ಕೆ ಒಂದೆರಡು ಮಾತ್ರ. ಆದರೆ ಶಾಲೆಗೇ ಹೋಗದವರಲ್ಲಿ ಶೇ 18, ಹನ್ನೆರಡು ವರ್ಷ ಓದಿದವರಲ್ಲಿ ಶೇ 4. ದೊಡ್ಡ ಅಂತರ ಇರುವುದು ಇಲ್ಲಿ, ಅಲ್ವಾ?

ವಲಸೆಗೆ ಪಾತ್ರವೇ ಇಲ್ಲ ಅಂತಲ್ಲ. ಕಟ್ಟಡ ಕೆಲಸಕ್ಕೆ ರಾಯಚೂರು, ಕಲಬುರಗಿ ಕಡೆಯಿಂದ ಬಂದವರು ಸೈಟಿಂದ ಸೈಟಿಗೆ ಹೋಗುತ್ತಾರೆ. ಮಗಳ ಶಾಲೆ ತಪ್ಪುತ್ತದೆ. ಶೆಡ್ಡಿನಲ್ಲಿ ಒಬ್ಬಳನ್ನೇ ಬಿಡಲು ಹೆದರಿ ಬೇಗ ಮದುವೆ ಮಾಡಿಬಿಡುತ್ತಾರೆ. ಈ ಭಯ ಎಲ್ಲ ಧರ್ಮದ ಅಪ್ಪ-ಅಮ್ಮಂದಿರಿಗೂ ಇದೆ. ಸುಮ್ನೆ ಫಾರ್ವರ್ಡ್ ಮಾಡಬೇಡಿ. ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.