ಲೋಗೋ ವಾಟ್ಸಾಪ್ ಮಾಡಿದ್ದೇನೆ ನೋಡಿ

ಶಿರಸಿಯಲ್ಲಿ ಡಿಸೈನ್ ಮಾಡಿ ಬದುಕುವವನ ಗೋಳು ಇದು. ಗಿರಾಕಿಗೆ ಹತ್ತು ಅಡಿ ಫ್ಲೆಕ್ಸ್ ಬೇಕಂತೆ. ಲೋಗೋ ಕೊಡಿ ಅಂದರೆ ವಿಸಿಟಿಂಗ್ ಕಾರ್ಡಿನ ಫೋಟೋ ಬರುತ್ತದೆ. ಅದೂ ವಾಟ್ಸಾಪ್ ಹಿಂಡಿ ಹಿಪ್ಪೆ ಮಾಡಿದ್ದು. 'ಸ್ವಲ್ಪ ದೊಡ್ಡದು ಮಾಡಿ, ನಿಮಗೆ ಎರಡು ನಿಮಿಷದ ಕೆಲಸ!' ಗೆರೆ, ಆಕಾರಗಳ ಲೆಕ್ಕದಲ್ಲಿ ಉಳಿಸಿದ ವೆಕ್ಟರ್ ಫೈಲ್ ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ, ಫೋಟೋ ಹಾಗಲ್ಲ ಅಂತ ಹೇಳಿ ಹೇಳಿ ಬಾಯಿ ಒಣಗಿದೆ. ಕೊನೆಗೆ ನಾನೇ ಕೂತು ಲೋಗೋವನ್ನು ಮೊದಲಿಂದ ಬರೆಯುತ್ತೇನೆ. ಅದಕ್ಕೆ ದುಡ್ಡು? ಸುಮ್ನೆ ಕೇಳಬೇಡಿ.

ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ನೋಡಿ ನನ್ನದೇ ಪೋಸ್ಟರ್ ಶುರು ಮಾಡಿದ್ದೆ. ಸುಣ್ಣದ ಬಿಳಿ, ಕೆಮ್ಮಣ್ಣಿನ ಕೆಂಪು, ಎರಡೇ ಬಣ್ಣ. ಎಷ್ಟು ಚಂದ ಅಲ್ವಾ? ಮಳೆಗಾಲದಿಂದ ಅರ್ಧಕ್ಕೇ ನಿಂತಿದೆ.

ತಗೊಳ್ಳಿ, ಮೊಬೈಲ್ ಮತ್ತೆ ಕೂಗಿತು. 'ಆ ಹಳದಿ ಇನ್ನೂ ಜಾಸ್ತಿ ಹೊಳೀಲಿ ಮಾರಾಯ್ರೆ.'